ಸಂಡಾಸದೊಳಗಿನ ಎರಡು ನೀಲಿ ಬ್ಯಾರಲ್

ನೀರು ಮತ್ತು ನೈರ್ಮಲ್ಯದ ಹೊಣೆ ಹೊತ್ತಿರುವ ಮಾನ್ಯ ಮೇಲಧಿಕಾರಿಗಳೇ,

ನಮ್ಮೂರಿಗೆ ಬರುತ್ತಿದ್ದ ಎರಡನೆಯ ಟ್ಯಾಂಕರನ್ನು ನೀವು ನಿಲ್ಲಿಸಿದ್ದೀರಿ. ಅದರಿಂದಾಗಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಏಳು ತಿಂಗಳ ಬಸುರಿ ಶಾಲುಬಾಯಿ, ಕುಡಿಯಲು ನೀರಿಲ್ಲದೆ, ಕುಡಿದರೆ ಹೋಗಲು ಜಾಗವಿಲ್ಲದೆ ಜ್ವರದಲ್ಲಿ ಮಲಗಿದ್ದಾಳೆ. ಪೀಠಿಕೆ ಹಾಕುವಷ್ಟು ವ್ಯವಧಾನ ನನಗಿಲ್ಲ. ಅರ್ಜಿ ಕೊಟ್ಟಾಯಿತು, ನಿಮ್ಮ ಕಚೇರಿಯ ಬಾಗಿಲಿಗೂ ಬಂದು ಹೋದದ್ದಾಯಿತು. ಇನ್ನು ಉಳಿದದ್ದು ನಾಲ್ಕು ಜನ ಓದುವ ಹಾಗೆ ಬರೆಯುವುದೊಂದೇ. ನಾನು ಔರಾದ ತಾಲ್ಲೂಕಿನಲ್ಲಿ, ಕಮಲನಗರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಶಿಕ್ಷಕಿ. ಸರ್ಕಾರದ ಸಂಬಳ ತಿಂದು ಸರ್ಕಾರದವರಿಗೇ ಬಹಿರಂಗ ಪತ್ರ ಬರೆದರೆ ನೋಟಿಸು ಬರುತ್ತದೆಂದು ಸಹೋದ್ಯೋಗಿಗಳು ಹೆದರಿಸಿದ್ದಾರೆ. ಬರಲಿ. ಆ ನೆಪದಲ್ಲಾದರೂ ನಿಮ್ಮ ಜೀಪು ಊರಿಗೆ ಬಂದಂತಾಗುತ್ತದೆ. ಬರುವಾಗ ಅದರಲ್ಲಿ ಎರಡು ಕೊಡ ನೀರು ಇಟ್ಟು ಕಳಿಸಿ.

ನೀವು ನನ್ನನ್ನು ಒಮ್ಮೆ ನೋಡಿದ್ದೀರಿ. ನೆನಪಿಟ್ಟುಕೊಳ್ಳುವಂಥ ಮುಖವಲ್ಲ, ಬಿಡಿ. ಹೋದ ಫೆಬ್ರವರಿಯಲ್ಲಿ ವಿಜ್ಞಾನ ದಿನಕ್ಕೆಂದು ಹಳ್ಳಿ ಶಾಲೆಗಳ ಮಕ್ಕಳನ್ನು ಬೀದರಿಗೆ ಕರೆಸಿದ್ದಿರಿ. ನಮ್ಮ ಏಳನೆಯ ತರಗತಿಯವರನ್ನು ಬಸ್ಸಿನಲ್ಲಿ ಕರೆತಂದು ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮುಖ್ಯ ಅತಿಥಿಗಳಾದ ನೀವು ಬಾಹ್ಯಾಕಾಶದ ಬಗ್ಗೆ ಮಾತನಾಡಿದಿರಿ. ನಿಜ ಹೇಳುತ್ತೇನೆ, ಚೆನ್ನಾಗಿ ಮಾತನಾಡಿದಿರಿ. ಮೇಲೆ ನಿಲ್ದಾಣದಲ್ಲಿರುವ ಗಗನಯಾತ್ರಿಗಳು ಊಟ ಹೇಗೆ ಮಾಡುತ್ತಾರೆ, ನಿದ್ದೆ ಹೇಗೆ ಮಾಡುತ್ತಾರೆ, ಜಲಬಾಧೆಯಾದರೆ ಏನು ಮಾಡುತ್ತಾರೆ ಎಂದೆಲ್ಲ ಚಿತ್ರ ತೋರಿಸಿ ವಿವರಿಸಿದಿರಿ. ಅಲ್ಲಿ ಯಾವುದೂ ಕೆಳಗೆ ಬೀಳುವುದಿಲ್ಲವಾದ್ದರಿಂದ ಗಾಳಿಯಿಂದ ಎಳೆದುಕೊಳ್ಳುವ ಕೊಳವೆ ಇರುತ್ತದೆಂದೂ, ಹಾಗೆ ಎಳೆದುಕೊಂಡದ್ದನ್ನು ಯಂತ್ರ ಸೋಸಿ ಮತ್ತೆ ಕುಡಿಯುವ ನೀರು ಮಾಡುತ್ತದೆಂದೂ ಹೇಳಿದಿರಿ. ಹೋಗುವಾಗ ಮತ್ತು ಮರಳುವಾಗ ತಾಸುಗಟ್ಟಲೆ ಕೂತಲ್ಲೇ ಕೂರಬೇಕಾದ್ದರಿಂದ ಅವರು ಕೂಸುಗಳ ಹಾಗೆ ದಪ್ಪ ಬಟ್ಟೆ ಕಟ್ಟಿಕೊಂಡಿರುತ್ತಾರೆಂದಾಗ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆಗ ನೀವು ಮೈಕಿನ ಹತ್ತಿರ ಬಂದು, "ನಗಬಾರದು ಮಕ್ಕಳೇ. ದೇಹ ಎಲ್ಲರಿಗೂ ಒಂದೇ. ದೇಹದ ಅಗತ್ಯಕ್ಕೆ ನಾಚಬೇಕಾಗಿಲ್ಲ," ಎಂದಿರಿ. ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಮರುದಿನ ಅದನ್ನೇ ಕರಿಹಲಗೆಯ ಮೇಲೆ ಬರೆಸಿದೆ.

ಅದಾದ ಮೇಲೆ ನೀವು ಆಕಾಶದಿಂದ ಜಿಲ್ಲೆಗೆ ಇಳಿದಿರಿ. ಪರದೆಯ ಮೇಲೆ ಒಂದು ಹಳ್ಳಿಯ ಸಂಡಾಸ ಕಾಣಿಸಿತು. ಒಳಗೆ ಅಂಚಿನವರೆಗೆ ತುಂಬಿದ ಎರಡು ನೀಲಿ ಬ್ಯಾರಲ್, ಕೆಂಪನೆಯ ಹೊಸ ಮಗ್ಗು, ಬ್ಯಾರಲಿನ ಮೇಲೆ ಕೈಯಿಟ್ಟು ನಗುತ್ತ ನಿಂತ ಒಬ್ಬ ಮುದುಕಿ. "ಬರಗಾಲದಲ್ಲೂ ಶೌಚಾಲಯಕ್ಕೆ ಇಷ್ಟು ನೀರು ತುಂಬಿಟ್ಟ ಊರಿದು," ಎಂದು ನೀವು ಹೇಳುವಷ್ಟರಲ್ಲಿ ನನ್ನ ಪಕ್ಕದ ಹುಡುಗಿ ಎದ್ದು ನಿಂತು, "ಟೀಚರ್, ನಿಮ್ಮತ್ತಿ!" ಎಂದು ಕೂಗಿಬಿಟ್ಟಳು. ಸಭೆ ಚಪ್ಪಾಳೆ ತಟ್ಟಿತು. ಹೌದು, ಅವರು ನನ್ನ ಅತ್ತೆ ಸುಭದ್ರಾಬಾಯಿ. ಆ ಸಂಡಾಸ ನಮ್ಮದು. ಆದರೆ ಆ ನೀರು ಸಂಡಾಸದ್ದಲ್ಲ, ನಾವು ಕುಡಿಯುವ ನೀರು.

ಇದು ಹೇಗೆಂದು ತಮಗೆ ಅರ್ಥವಾಗಲಿಕ್ಕಿಲ್ಲ, ಬಿಡಿಸಿ ಹೇಳುತ್ತೇನೆ. ಸತತ ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ನಮ್ಮ ಓಣಿಯಲ್ಲಿ ಕಳುವಾಗುವ ವಸ್ತುವೆಂದರೆ ನೀರೊಂದೇ. ಕದಿಯುವವರು ಹೊರಗಿನವರಲ್ಲ, ಮನೆಯಲ್ಲಿ ಕೂಸು ಅಳುತ್ತಿರುವ ನಮ್ಮ ಪಕ್ಕದ ಮನೆಯವರೇ. ಅವರ ಮೇಲೆ ಸಿಟ್ಟಾಗುವುದೂ ಆಗುವುದಿಲ್ಲ. ಮನೆಗಳೋ ತಗಡಿನವು, ಬಾಗಿಲುಗಳು ಹೆಸರಿಗೆ ಮಾತ್ರ. ಇಡೀ ಮನೆಯಲ್ಲಿ ಗಟ್ಟಿ ಗೋಡೆ, ಗಟ್ಟಿ ಬಾಗಿಲು, ಹೊರಗಿನಿಂದ ಕೀಲಿ ಹಾಕುವ ಚಿಲಕ ಇರುವ ಖೋಲಿ ಒಂದೇ ಒಂದು. ಅದು ನೀವು ಕಟ್ಟಿಸಿಕೊಟ್ಟ ಸಂಡಾಸ. ಅದಕ್ಕೆ ಧನ್ಯವಾದ. ಕಟ್ಟಿದ ದಿನದಿಂದ ಸುರಿಯಲು ನೀರಿಲ್ಲದ್ದರಿಂದ ಅದನ್ನು ಯಾರೂ ಒಮ್ಮೆಯೂ ಬಳಸಿರಲಿಲ್ಲ. ಅತ್ತೆ ಅದರ ಗುಂಡಿಯ ಮೇಲೆ ಹಲಗೆ ಮುಚ್ಚಿ, ಗೋಡೆಗೆ ಸುಣ್ಣ ಬಳಿದು, ಬ್ಯಾರಲ್ ಇಟ್ಟು ಕೀಲಿ ಹಾಕಿ, ಚಾವಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡರು. ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಓಣಿಯವರೆಲ್ಲ ಹಾಗೇ ಮಾಡಿದರು.

ಜನವರಿಯಲ್ಲಿ ನಿಮ್ಮ ಪರಿಶೀಲನೆಯವರು ಬಂದರು. ಸಂಡಾಸ ತೆರೆಯಿರಿ ಎಂದ ಕೂಡಲೇ ಅತ್ತೆ ಹೆದರಿದರು. ಸರ್ಕಾರ ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸಿದ್ದೀರಿ ಎಂದು ಬರೆದುಕೊಂಡು ಹೋದರೆ ಇಬ್ಬರು ಗಂಡುಮಕ್ಕಳೂ ಹೈದರಾಬಾದಿನಲ್ಲಿ ದುಡಿಯುತ್ತಿರುವಾಗ ಈ ಹೆಂಗಸರ ಮನೆಗೆ ಯಾರು ದಿಕ್ಕು? ಕೀಲಿ ತೆರೆದವರೇ ಬೆನ್ನು ಅಡ್ಡ ಮಾಡಿ ಗುಂಡಿಯ ಮೇಲಿನ ಹಲಗೆ ಎಳೆದು ಹಾಕಿದರು, ಜಾತ್ರೆಯಲ್ಲಿ ತಂದ ಹೊಸ ಮಗ್ಗನ್ನು ಬ್ಯಾರಲಿನ ಮೇಲಿಟ್ಟರು. "ಇದು ಇದಕ್ಕಂತೇ ತುಂಬಿಟ್ಟ ನೀರರಿ ಸಾಹೇಬ್ರ. ನಾವ್ಯಾರೂ ಬಯಲಕಡಿ ಹೋಗಂಗಿಲ್ಲರಿ," ಎಂದರು. ದಿನಾಲೂ ತುಂಬುತ್ತೀರಾ ಎಂದು ಕೇಳಿದ್ದಕ್ಕೆ, "ದಿನಾ ರಿ," ಎಂದರು. ಅವರನ್ನು ನೋಡಿ ಓಣಿಯ ಹೆಂಗಸರೆಲ್ಲ ಅದೇ ಮಾತು ಹೇಳಿದರು. ನಾನು ಶಾಲೆಯಿಂದ ಬಂದಾಗ ಅತ್ತೆ ಗೆದ್ದವರ ಹಾಗೆ ಕೂತಿದ್ದರು. "ಮನಿ ಮಾನ ಉಳಿಸೀನಿ ಕಾಂತಾ. ಫೋಟೋನೂ ಹೊಡ್ಕೊಂಡು ಹೋದ್ರು," ಎಂದರು.

ಮಾರ್ಚಿನಲ್ಲಿ ಎರಡನೆಯ ಟ್ಯಾಂಕರು ನಿಂತಿತು. ಕಾರಣ ಕೇಳಿದರೆ, ಶೌಚಾಲಯಗಳ ಬಳಕೆಗೂ ಮಿಕ್ಕುವಷ್ಟು ನೀರು ಈ ಗ್ರಾಮದಲ್ಲಿ ಲಭ್ಯವಿದೆ ಎಂಬ ಉತ್ತರ ಬಂತು. ಎಂಥ ಜಾಣತನ! ಮಾನ್ಯರೇ, ನಿಮ್ಮವರು ನಮ್ಮ ಸಂಡಾಸ ನೋಡಿದರಲ್ಲ, ಪಕ್ಕದ ಅಡುಗೆಮನೆಯ ಖಾಲಿ ಕೊಡಗಳನ್ನು ಯಾಕೆ ನೋಡಲಿಲ್ಲ? ಮುದುಕಿ ಸುಳ್ಳು ಹೇಳಿದಳು, ಒಪ್ಪಿದೆ. ಊರಿಗೆ ಊರೇ ನೀರಿಗಾಗಿ ಸಾಲುಗಟ್ಟಿ ನಿಂತಿರುವಾಗ ಒಂದು ಮನೆಯವರು ದಿನಾ ಎರಡು ಬ್ಯಾರಲ್ ನೀರನ್ನು ಸಂಡಾಸಕ್ಕೆ ಸುರಿಯುತ್ತಾರೆಂದು ನಂಬಲು ನಿಮ್ಮವರಿಗೆ ಮನಸ್ಸಾದರೂ ಹೇಗೆ ಬಂತು? ಈಗ ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿರುವುದನ್ನಾದರೂ ಅವರು ಪತ್ರಿಕೆಯಲ್ಲಿ ಓದುತ್ತಿಲ್ಲವೇ?

ಇನ್ನು ಬಯಲಿನ ಸಂಗತಿ. ಸಭ್ಯರು ಪತ್ರಿಕೆಯಲ್ಲಿ ಬರೆಯುವುದಲ್ಲ, ಆದರೂ ಬರೆಯುತ್ತೇನೆ. ಮಳೆಯಾದ ವರ್ಷ ನಮ್ಮ ಹೊಲಗಳಲ್ಲಿ ತೊಗರಿ ಆಳೆತ್ತರ ನಿಲ್ಲುತ್ತದೆ. ಹೆಂಗಸರಿಗೆ ಅದೇ ಗೋಡೆ, ಅದೇ ಬಾಗಿಲು. ಈ ವರ್ಷ ತೊಗರಿ ಮೊಣಕಾಲಿಗೇ ಒಣಗಿತು, ಆ ಕಟ್ಟಿಗೆಯನ್ನೂ ಕಿತ್ತು ಒಲೆಗೆ ಹಾಕಿದ್ದೇವೆ. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ನೆಲ ಬತ್ತಲೆ ಬಿದ್ದಿದೆ. ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ, ಅಷ್ಟೇ ನಮ್ಮ ಪಾಲು. ನಡುವಿನ ಹೊತ್ತೆಲ್ಲ ತಡೆಯಬೇಕು. ತಡೆಯುವುದಕ್ಕೆ ನಮ್ಮ ಹೆಂಗಸರು ಕಂಡುಕೊಂಡ ದಾರಿ ಹಗಲು ನೀರು ಮುಟ್ಟದಿರುವುದು. ಇದನ್ನು ನಾವು ಯಾರಿಂದಲೂ ಕಲಿತದ್ದಲ್ಲ, ಹುಡುಗಿಯರು ದೊಡ್ಡವರಾಗುತ್ತಿದ್ದಂತೆ ತಾವಾಗಿಯೇ ಕಲಿಯುತ್ತಾರೆ. ನನ್ನ ತರಗತಿಯ ಹುಡುಗಿಯರೂ ಕಲಿತಿದ್ದಾರೆ.

ಶಾಲುಬಾಯಿಯೂ ಹಾಗೇ ಮಾಡಿದಳು. ಹೇಳದೆ ಮಾಡಿದಳು. ಅವಳ ಮೊದಲ ಬಸಿರು ನಿಂತಿರಲಿಲ್ಲ, ಹಾಗಾಗಿ ಈ ಸಲ ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆವು. ಆದರೆ ಅವಳು ತಟ್ಟೆ ಖಾಲಿ ಮಾಡುವುದನ್ನು ನೋಡಿದೆವೇ ಹೊರತು ಲೋಟ ಹಾಗೇ ಇಡುವುದನ್ನು ನೋಡಲಿಲ್ಲ. ಏಪ್ರಿಲ್ ಮೊದಲಲ್ಲಿ ಚಳಿಜ್ವರ ಬಂತು, ಕಿಬ್ಬೊಟ್ಟೆ ಹಿಡಿದುಕೊಂಡು ಹೊರಳಾಡಿದಳು. ಭಾಲ್ಕಿಗೆ ಒಯ್ದೆವು. ಅಲ್ಲಿನ ಡಾಕ್ಟರ್ ಅಜೀಜಾ ಬೇಗಂ ಪರೀಕ್ಷೆ ಮಾಡಿ ಸಿಟ್ಟಿಗೆದ್ದರು. "ನೀರು ಕುಡಿಯಂಗಿಲ್ಲೇನವ್ವ ನೀ? ತಡದು ತಡದು ಒಳಗ ಸೋಂಕಾಗ್ಯಾದ. ದಿನಾ ಇಂಥ ಮೂರು ಬಾಟ್ಲಿ ಕುಡಿಬೇಕು, ಬಂದಾಗ ಹೋಗಿಬಿಡ್ಬೇಕು. ಮತ್ತ ಹಿಂಗಾತಂದ್ರ ಹೊತ್ತಿಗಿ ಮುಂಚೆ ಹೆರಿಗಿ ಬ್ಯಾನಿ ಬರ್ತಾವ, ಕೂಸು ಕೈಗಿ ಸಿಗಂಗಿಲ್ಲ."

"ಕುಡದ್ರ ಹೋಗೋದು ಎಲ್ಲಿಗರಿ ಬಾಯಿ?" ಎಂದು ಶಾಲು ಮೆಲ್ಲಗೆ ಕೇಳಿದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅಬ್ ಮೈ ಕ್ಯಾ ಬೋಲೂಂ ಇಸ್ಕು, ಇದಕ್ಕ ನಾ ಏನು ಹೇಳ್ಲಿ," ಎಂದರು. ಗುಳಿಗೆ ಬರೆದುಕೊಟ್ಟರು. ಗುಳಿಗೆಗಳೇನೋ ಸಿಕ್ಕವು.

ಮೈದುನ ಮಚ್ಛೇಂದ್ರನಿಗೆ ಫೋನು ಮಾಡಿ ಇವಳನ್ನು ಕರೆಸಿಕೊಳ್ಳಪ್ಪ ಎಂದೆ. ಅವನು ಹೈದರಾಬಾದಿನ ದೊಡ್ಡ ಕಟ್ಟಡಗಳಲ್ಲಿ ಕೊಳಾಯಿ ಕೂಡಿಸುತ್ತಾನೆ. "ಹ್ಯಾಂಗ ಕರಸಲಿ ವೈನಿ? ಇಲ್ಲಿ ಒಂದೊಂದು ಮನಿಗಿ ಮೂರ್ಮೂರು ಸಂಡಾಸ ಕೂಡಸ್ತೇನಿ. ನಮಗ ಮಾತ್ರ ರೈಲ್ ಪಟ್ಟಿ ಕಡಿ ಹೋಗ್ಬೇಕು. ಹೆಂಗಸ್ರಂತೂ ಅಲ್ಲಿಗೂ ಹೋಗಂಗಿಲ್ಲ," ಎಂದ.

ಅಂದೇ ಅತ್ತೆ ಬ್ಯಾರಲ್‌ಗಳನ್ನು ಅಂಗಳಕ್ಕೆ ಉರುಳಿಸಿದರು. ಸಂಡಾಸದ ಚಾವಿಯನ್ನು ಶಾಲುವಿನ ಕೈಗಿಟ್ಟು, ಬ್ಯಾರಲ್‌ಗಳ ಪಕ್ಕ ಚಾಪೆ ಹಾಸಿಕೊಂಡು ತಾವೇ ಕಾವಲು ಕೂತರು. ಆದರೆ ಒಂದೇ ಟ್ಯಾಂಕರಿನಲ್ಲಿ ನಮ್ಮ ಪಾಲಿಗೆ ಬರುವ ನೀರಿನಲ್ಲಿ ಸುರಿಯಲು ಎಷ್ಟು, ಕುಡಿಯಲು ಎಷ್ಟು? ಸುರಿದರೆ ಕುಡಿಯಲಿಲ್ಲ, ಕುಡಿದರೆ ಸುರಿಯಲಿಲ್ಲ. ಅತ್ತೆ ಒಂದು ಮುಂಜಾನೆ ಎದ್ದು, "ನಡಿ ಕಾಂತಾ, ಬೀದರಕ್ಕ ಹೋಗಮು. ಸುಳ್ಳು ಹೇಳಿದಾಕಿ ನಾ. ಖರೇ ಹೇಳಾಕಿನೂ ನಾನೇ," ಎಂದರು.

ನಿಮ್ಮ ಕಚೇರಿಯ ಪಡಸಾಲೆಯಲ್ಲಿ ತಣ್ಣೀರಿನ ಯಂತ್ರವಿದೆ. ನೀರಿನ ಕಚೇರಿಯಲ್ಲಿ ನೀರಿರುವುದು ನ್ಯಾಯವೇ. ಎಷ್ಟೋ ದಿನಗಳಿಂದ ತಮ್ಮ ಪಾಲನ್ನು ಸೊಸೆಯ ಲೋಟಕ್ಕೆ ಬಗ್ಗಿಸುತ್ತಿದ್ದ ಅತ್ತೆ ಅಲ್ಲಿ ಹೊಟ್ಟೆ ತುಂಬ ಕುಡಿದರು. "ಏನ್ ತಂಪದ ಕಾಂತಾ! ಕುಡದ್ರ ಇಲ್ಲಿ ಅಂಜಿಕಿ ಇಲ್ಲ, ಇದು ಶಹರ," ಎಂದರು. ನೀವು ಸಭೆಯಲ್ಲಿದ್ದಿರಿ. ಕಾಯಿರಿ ಎಂದರು, ಕಾದೆವು. ಮಧ್ಯಾಹ್ನದ ಹೊತ್ತಿಗೆ ಅತ್ತೆ ನನ್ನ ಕೈ ಅದುಮಿದರು. ಪಡಸಾಲೆಯ ಕೊನೆಯ ಬಾಗಿಲಿಗೆ ಕೀಲಿ ಇತ್ತು, ಮೇಲೆ 'ಸಿಬ್ಬಂದಿಗೆ ಮಾತ್ರ' ಎಂಬ ಫಲಕವಿತ್ತು. ಗುಮಾಸ್ತರನ್ನು ಕೇಳಿದೆ. "ಚಾವಿ ಸಾಹೇಬರ ಚೇಂಬರಿನ್ಯಾಗ ಇರ್ತದರಿ. ಮೀಟಿಂಗ್ ಮುಗೀಲಿ," ಎಂದರು. ಟ್ಯಾಂಕರಿನ ಮಾತೆತ್ತಿದೆ. ಆ ಫೋಟೋ ಸುಳ್ಳೆಂದು ಹೇಳಲು ಮುದುಕಿಯೇ ಬಂದಿದ್ದಾಳೆಂದೆ. ಅವರು ತಲೆ ಎತ್ತದೆಯೇ, "ವರದಿ ಮ್ಯಾಲ ಹೋಗ್ಯಾದರಿ ಬಾಯಾರ. ಮ್ಯಾಲ ಹೋದದ್ದು ಕೆಳಗ ತರಾಕ ಬರಂಗಿಲ್ಲ," ಎಂದರು. ಬಾಹ್ಯಾಕಾಶಕ್ಕೆ ಹೋದವರನ್ನೇ ಕೆಳಗೆ ತರುತ್ತಾರಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ.

ಹೊರಗೆ ಹೋಗೋಣವೆಂದು ಎಬ್ಬಿಸಿದೆ. ಹೊರಗೆಂದರೆ ನಡುಬಿಸಿಲಿನ ರಸ್ತೆ, ಅಂಗಡಿ, ಗಂಡಸರು. ಅತ್ತೆ ಏಳಲಾರದೆ ಮತ್ತೆ ಕೂತರು. ಅವರ ವಯಸ್ಸಿಗೆ ತಡೆಯುವ ಶಕ್ತಿ ಎಷ್ಟಿರುತ್ತದೆ? ನಿಮ್ಮ ಬೆಂಚಿನ ಮೇಲೆಯೇ ಆಗಿಹೋಯಿತು. ನೀರು ಬೆಂಚಿನಿಂದ ಹನಿದು ನೆಲಕ್ಕೆ ಹರಿಯಿತು. ಎದುರು ಕೂತ ಇಬ್ಬರು ನಕ್ಕರು. ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. ನಗಬಾರದು ಎಂದು ಹೇಳಲು ಅಲ್ಲಿ ಮೈಕು ಹಿಡಿದವರು ಯಾರೂ ಇರಲಿಲ್ಲ. ನನ್ನ ಅತ್ತೆ, ಮನೆಯ ಮಾನ ಉಳಿಸಲೆಂದು ಸುಳ್ಳು ಹೇಳಿದ ಆ ಹೆಂಗಸು, ಕೆಳಗೆ ಕೂತು ತಮ್ಮ ಸೆರಗಿನಿಂದ ನಿಮ್ಮ ಕಚೇರಿಯ ನೆಲ ಒರೆಸಿದರು. ನಾನು ಅಲ್ಲೇ ಅತ್ತುಬಿಟ್ಟೆ. ನಿಮ್ಮನ್ನು ನೋಡದೆಯೇ ಹೊರಟು ಬಂದೆವು.

ಬಸ್ಸಿನಲ್ಲಿ ಅವರಿಗೆ ಸಮಾಧಾನವಾಗಲೆಂದು, ಮುಗಿಲಿಗೆ ಹೋಗುವ ದೊಡ್ಡ ದೊಡ್ಡ ವಿಜ್ಞಾನಿಗಳೂ ಬಟ್ಟೆ ಕಟ್ಟಿಕೊಂಡು ಕೂತಲ್ಲೇ ಮಾಡಿಕೊಳ್ಳುತ್ತಾರತ್ತಿ ಎಂದು ನಿಮ್ಮ ಭಾಷಣವನ್ನೇ ಹೇಳಿದೆ. ಔರಾದ ಬರುವ ಹೊತ್ತಿಗೆ ಅವರು ಕೇಳಿದರು: "ಅವ್ರಿಗಿ ಯಾರೂ ನಗಂಗಿಲ್ಲೇನ್ ಕಾಂತಾ?"

ಅಂದಿನಿಂದ ಅತ್ತೆ ಹಗಲು ಹನಿ ನೀರು ಮುಟ್ಟುತ್ತಿಲ್ಲ. ಕೊಟ್ಟರೆ, "ಆಕಿಗಿ ಕೊಡು," ಎನ್ನುತ್ತಾರೆ. ಅತ್ತೆಯ ಪಾಲು ಕುಡಿಯಲಾರೆನೆಂದು ಶಾಲು ಲೋಟ ದೂಡುತ್ತಾಳೆ. ಮೊನ್ನೆಯಿಂದ ಅವಳಿಗೆ ಮತ್ತೆ ಜ್ವರ. ಗುಳಿಗೆ ಮುಗಿಯುತ್ತ ಬಂದಿವೆ, ಮಳೆಗೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಇದೆ, ಹೆರಿಗೆಗೆ ಎರಡು ತಿಂಗಳಿದೆ. ನನಗೆ ಭಯವಾಗಿದೆ. ಯಾವ ಅಲಂಕಾರವೂ ಇಲ್ಲದೆ ಹೇಳುತ್ತೇನೆ, ನನಗೆ ಬಹಳ ಭಯವಾಗಿದೆ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ನಮಗೆ ಗಾಳಿ ಎಳೆಯುವ ಕೊಳವೆ ಬೇಡ, ಮೂತ್ರ ಸೋಸುವ ಯಂತ್ರವೂ ಬೇಡ. ನಿಲ್ಲಿಸಿದ ಟ್ಯಾಂಕರನ್ನು ಈ ವಾರವೇ ಮರಳಿ ಕಳಿಸಿ, ಮಳೆ ಬೀಳುವವರೆಗೆ ಕಳಿಸಿ. ನಿಮ್ಮ ಪಡಸಾಲೆಯ ಕೊನೆಯ ಬಾಗಿಲಿನ ಕೀಲಿ ತೆಗೆಯಿರಿ. ಸುಳ್ಳು ಹೇಳಿದ್ದಕ್ಕೆ ನನ್ನ ಅತ್ತೆಗೆ, ಇದನ್ನು ಬರೆದದ್ದಕ್ಕೆ ನನಗೆ ಏನು ಶಿಕ್ಷೆ ಕೊಡುವುದಿದ್ದರೂ ಕೊಡಿ, ಇಬ್ಬರೂ ಬಂದು ತಗೊಳ್ಳುತ್ತೇವೆ. ಇನ್ನೂ ಹುಟ್ಟದ ಆ ಕೂಸು ನಿಮಗೆ ಯಾವ ಸುಳ್ಳನ್ನೂ ಹೇಳಿಲ್ಲ.

ಇಂತಿ,
ನಿಮ್ಮ ಪರದೆಯ ಮೇಲೆ ನಕ್ಕು, ನಿಮ್ಮ ಬೆಂಚಿನ ಮೇಲೆ ನಗೆಗೀಡಾದ ಸುಭದ್ರಾಬಾಯಿಯವರ ಹಿರಿಯ ಸೊಸೆ
ಕಾಂತಾಬಾಯಿ
ಸದ್ಯಕ್ಕೆ ಭೂಮಿಯ ಮೇಲೆ, ಔರಾದ ತಾಲ್ಲೂಕು