ಒಗೆದ ಸೀರೆ

ಮದ್ದೂರು, ಗುಂಡ್ಲುಪೇಟೆ ತಾಲ್ಲೂಕು
18 ಸೆಪ್ಟೆಂಬರ್ 2024

ಲತಾ,

‘ಪ್ರೀತಿಯ’ ಎಂದು ಬರೆಯಲು ಈ ಹೊತ್ತು ಕೈ ಬರುತ್ತಿಲ್ಲ. ಅಕ್ಕನ ಆಶೀರ್ವಾದ ಇದೆ, ಅಷ್ಟೇ. ಫೋನಿನಲ್ಲಿ ಬೈದರೆ ಸಿಗ್ನಲ್ ಇಲ್ಲ ಎಂದು ಕಟ್ ಮಾಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ, ಕೂತು ಪೂರ್ತಿ ಓದು.

ನಿನ್ನೆ ಚಾಮರಾಜನಗರಕ್ಕೆ ಬಂದು ನಿನ್ನ ಫೋಟೊ ಪ್ರದರ್ಶನ ನೋಡಿದೆ. ನಮ್ಮ ಸೌಟಿನ ನೆರಳು ಗೋಡೆಯ ಮೇಲೆ ಕೊಕ್ಕರೆಯಾಗಿ ನಿಂತಿದೆ. ಕಲಗಚ್ಚಿನ ಬಾನಿಯಲ್ಲಿ ಚಂದ್ರ ತೇಲುತ್ತಿದ್ದಾನೆ. ಚೆನ್ನಾಗಿದೆ, ಸುಳ್ಳು ಹೇಳಲಾರೆ. ದಿನಾ ಅದೇ ಸೌಟಿನಲ್ಲಿ ಸಾರು ಬಡಿಸುವ ನನಗೆ ಆ ಕೊಕ್ಕರೆ ಎಂದೂ ಕಂಡಿರಲಿಲ್ಲ. ಆಮೇಲೆ ನೋಡಿದರೆ, ಗೋಡೆ ತುಂಬ ಅವ್ವನ ಸೀರೆ! ಒಳಗೆ ಹೆಂಗಸಿಲ್ಲ, ಸೀರೆಯೊಂದೇ ಹೊಲದ ಮೇಲೆ ಗಾಳಿಯಲ್ಲಿ ನಡೆಯುತ್ತಿದೆ. ಜನ ಮುಗಿಬಿದ್ದು ನೋಡುತ್ತಿದ್ದರು. ಕೊಳೆ ಹಿಡಿದಿದ್ದ ಸೀರೆಯನ್ನು ನೀನೇ ಒಗೆದು, ಇಸ್ತ್ರಿ ಮಾಡಿ, ಗಳಕ್ಕೆ ಏರಿಸಿ ತೆಗೆದೆ ಎಂದು ನೀನು ಅವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಜನರ ಮುಂದೆ ನಿನ್ನ ಕೆನ್ನೆಗೆ ಬಾರಿಸಬಾರದೆಂದು ಮಾತಾಡಿಸದೆ ಬಸ್ಸು ಹತ್ತಿದೆ.

ಯಾರು ಹೇಳಿದರು ನಿನಗೆ ಒಗೆಯಲು? ಅದು ಕಾವಲಿನ ಸೀರೆ. ಉಟ್ಟು ಬಿಚ್ಚಿದ್ದನ್ನು ಹಾಗೇ ಕಾಡಿನ ಕಡೆಯ ಗುಡಿಸಲ ಸೂರಿನ ಕೆಳಗೆ ಅವ್ವ ಕಟ್ಟುತ್ತಿದ್ದಳು. ಮನುಷ್ಯರ ಬೆವರು ಮೂಗಿಗೆ ಬಡಿದರೆ ಹಂದಿ ಹೊಲಕ್ಕೆ ಇಳಿಯುವುದಿಲ್ಲ. ‘ಒಗುದ್ರೆ ಕಾವ್ಲು ಓಯ್ತದೆ ಕಣಮ್ಮಿ’ ಎಂದು ನಮ್ಮಿಬ್ಬರಿಗೂ ಹೇಳಿದ್ದಳಲ್ಲ, ಮರೆತೆಯಾ? ನೀನು ಅದನ್ನು ಒಗೆದು, ಏನೂ ಮಾಡದವಳಂತೆ ಮತ್ತೆ ಸೂರಿಗೆ ಕಟ್ಟಿ ಹೋದೆ. ಅದೇ ವಾರ ಅದೇ ಮೂಲೆಯಿಂದ ಹಂದಿ ಹಿಂಡು ನುಗ್ಗಿ, ಹಾಲುಗಾಳು ಕಟ್ಟಿದ್ದ ಮುಸುಕಿನ ಜೋಳವನ್ನೆಲ್ಲ ಮುರಿದು ಹಾಕಿತು. ಪಕ್ಕದ ಹೊಲದ ಬೀರಯ್ಯ ಬಂದು ನೋಡಿ, ‘ನಿಮ್ಮವ್ವ ಇದ್ದಿದ್ರೆ ಒಂದ್ ಹಂದಿನೂ ಇತ್ತಗೆ ತಲೆ ಆಕ್ತಿರ್ನಿಲ್ಲ ಬುಡು’ ಎಂದ. ನಿನ್ನ ಭಾವ ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತುಬಿಟ್ಟರು. ಸೀರೆ ಒಗೆದದ್ದು ನನಗೆ ಮೊದಲೇ ಗೊತ್ತಿತ್ತು. ಹೇಗೆ ಎಂದು ಕೇಳಬೇಡ. ನಿನ್ನ ಹೆಸರು ಎತ್ತದೆ ಬಾಯಿ ಮುಚ್ಚಿಕೊಂಡಿದ್ದೆ.

ಈಗ ಮುಂದಿನ ಪ್ರದರ್ಶನಕ್ಕೆ ಅವ್ವನ ಎಲೆಯಡಿಕೆ ಚೀಲ, ಮೊರ, ಕುಡುಗೋಲು ಬೇಕೆಂದು ಮೆಸೇಜ್ ಹಾಕಿದ್ದೀಯ. ಕೊಡುವುದಿಲ್ಲ. ತಿಥಿಯ ದಿನ ಅವಳ ಕಂಬಳಿಯನ್ನು ಒಂದು ಮಾತೂ ಕೇಳದೆ ಮೈಸೂರಿಗೆ ಎತ್ತಿಕೊಂಡು ಹೋದೆ, ಚಿಕ್ಕವಳು ಎಂದು ಸುಮ್ಮನಿದ್ದೆ. ಸೌಟಿನಲ್ಲಿ ಕೊಕ್ಕರೆ ಕಂಡ ನಿನಗೆ ಆ ಕೊಳೆಯಲ್ಲಿ ಅವ್ವ ಕಾಣಲಿಲ್ಲವೇನೇ? ಕ್ಯಾಮೆರಾ ಹಿಡಿದುಕೊಂಡು ನಮ್ಮ ಹೊಲದ ಕಡೆ ಬರಬೇಡ.

ಇಂತಿ, ಕೋಪ ಇನ್ನೂ ಇಳಿಯದ ನಿನ್ನ ಅಕ್ಕ,
ಮಂಗಳಗೌರಿ

ವಿ.ಸೂ.: ಹೇಗೆ ಗೊತ್ತಾಯಿತೆಂದು ಹೇಳಿಯೇಬಿಡುತ್ತೇನೆ. ಅವ್ವ ಹೋದಮೇಲೆ ದಿನಾ ಬೆಳಗ್ಗೆ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಆ ಸೆರಗಿಗೆ ಮುಖ ಒತ್ತಿ ನಿಲ್ಲುತ್ತಿದ್ದೆ. ಎಲೆಯಡಿಕೆ, ಹರಳೆಣ್ಣೆ, ಅವಳ ಬೆವರು, ಎಲ್ಲ ಹಾಗೇ ಇತ್ತು. ನೀನು ಹೋದ ಮಾರನೆಯ ದಿನ ಸೋಪಿನ ವಾಸನೆ ಬಂತು. ಜೋಳ ಹೋದರೆ ಹೋಗಲಿ, ಮತ್ತೆ ಬೆಳೆಯುತ್ತೇವೆ. ಆ ಕಂಬಳಿ ಒಗೆದಿಲ್ಲ ತಾನೇ? ಒಗೆಯಬೇಡ ಲತಾ. ಹಾಗೇ ಎತ್ತಿಕೊಂಡು ಬಾ, ಇಬ್ಬರೂ ಹೊದ್ದು ಮಲಗೋಣ.