ತಾವು ಮನುಷ್ಯನನ್ನಾಗಿ ಮಾಡಿದ ನನ್ನ ಮಗ

ಭದ್ರಾವತಿ, ೧೯೩೬

ಮಾನ್ಯ ಸೂಪರಿಂಟೆಂಡೆಂಟ್ ಸಾಹೇಬರೇ,

ಶಿವಮೊಗ್ಗದ ತಮ್ಮ ಕೈಗಾರಿಕಾ ಬೋರ್ಡಿಂಗ್ ಶಾಲೆಯಲ್ಲಿ ನನ್ನ ಮಗ ಮೂರ್ತಪ್ಪ ಮರಗೆಲಸವನ್ನೂ ಸನ್ನಡತೆಯನ್ನೂ ಕಲಿತ. ಮರಗೆಲಸದ ಬಗ್ಗೆ ನನ್ನ ತಕರಾರಿಲ್ಲ. ತಾವು ಕಲಿಸಿದ ನಡತೆಯಿಂದ ಇಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆ. ತಮ್ಮ ಜವಾನ ನನ್ನನ್ನು ಗೇಟು ದಾಟಲು ಬಿಡಲಿಲ್ಲವಾದ್ದರಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಹೋದ ವರ್ಷದ ಆಯುಧಪೂಜೆ ನೆನಪಿದೆಯೇ? ಬೆಳಿಗ್ಗೆ ಉಳಿ, ಗರಗಸ, ಕೊಡತಿಗಳಿಗೆಲ್ಲ ಕುಂಕುಮವಿಟ್ಟು, ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದೆಂದು ಹುಡುಗರಿಗೆ ಉಪದೇಶ ಮಾಡಿದವರು ತಾವೇ. ಸಂಜೆ ತಮ್ಮ ಮನೆಯ ತೂಗುಮಣೆ ಮುರಿಯಿತು. ನೆಂಟರು ಬಂದಿದ್ದರು, ಪಾಪ! ಉಳಿ ತೆಗೆದುಕೊಂಡು ಬಾ ಎಂದು ಮೂರ್ತಪ್ಪನಿಗೆ ಅಪ್ಪಣೆಯಾಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತು ಆ ಪೆದ್ದನಿಗೆ ಗೊತ್ತಿರಲಿಲ್ಲ. ಕೈಕಟ್ಟಿ ನಿಂತು, "ಪೂಜೆಗಿಟ್ಟಿದ್ದು ಸ್ವಾಮಿ, ನಾಳೆ ಬೆಳಿಗ್ಗೆ ಎತ್ತುತೀನಿ" ಅಂದ. ತಾವು ಹೇಳಿದ್ದನ್ನೇ ತಮಗೆ ಹೇಳಿದ, ಅಷ್ಟೆ. ಅದಕ್ಕೆ ಬೆತ್ತದ ಏಟು. ಮರುದಿನ ಬೋರ್ಡಿಂಗಿನಿಂದ ಹೊರಕ್ಕೆ. ಹಾಸಿಗೆ ಹೊತ್ತುಕೊಂಡು ಮಲವಗೊಪ್ಪದ ದಾರಿಯಲ್ಲಿ ನಡೆದೇ ಬಂದ.

ಸನ್ನಡತೆಯ ಸರ್ಟಿಫಿಕೇಟಿಲ್ಲದೆ ಯಾರೂ ಕೆಲಸಕ್ಕೆ ಸೇರಿಸಲಿಲ್ಲ. ಅವರಮ್ಮ ಅತ್ತು ಕರೆದು ತಮ್ಮಲ್ಲಿಗೆ ವಾಪಸು ಕಳಿಸಿದಳು. ಎಲ್ಲ ಹುಡುಗರ ಮುಂದೆ ಕಾಲಿಗೆ ಬೀಳಿಸಿಕೊಂಡು, ಇನ್ನು ದೊಡ್ಡವರ ಮಾತಿಗೆ ಎದುರಾಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಸಿ, ಆಮೇಲೆ ಸರ್ಟಿಫಿಕೇಟು ಕೊಟ್ಟಿರಿ. ಈಗ ಮನುಷ್ಯನಾದೆ ಎಂದು ಬೆನ್ನನ್ನೂ ತಟ್ಟಿದಿರಂತೆ.

ಆದ, ಸಾಹೇಬರೇ. ಇಲ್ಲಿ ಒಬ್ಬ ಕಂಟ್ರಾಕ್ಟರನ ಕಟ್ಟಡದಲ್ಲಿ, ಗಾರೆಯವರು ಹತ್ತಿ ನಿಲ್ಲುವ ಸಾರುವೆಗೆ ಹಲಗೆ ಹಾಕುವ ಕೆಲಸ ಸಿಕ್ಕಿತು. ಹೋದ ವಾರ ಒಂದು ಹಲಗೆ ಸೀಳಿದ್ದನ್ನು ಕಂಡು ಮೇಸ್ತ್ರಿಗೆ ತೋರಿಸಿದ. ಬಾಯಿ ಮುಚ್ಚಿಕೊಂಡು ಹಾಕು ಎಂದನಂತೆ ಅವನು. ಆಗಲಿ ಸ್ವಾಮಿ ಎಂದು ಹಾಕಿದ. ಅದರ ಮೇಲೆ ನಿಂತಿದ್ದ ನಾಗಯ್ಯ ಬಿದ್ದು ಸತ್ತ. ಅವನ ಹೆಂಡತಿ ಕರಿಬಸಮ್ಮ ನಮ್ಮ ಓಣಿಯವಳೇ. ಅವಳ ಮುಖ ನೋಡಲು ನನಗೆ ಧೈರ್ಯವಿಲ್ಲ.

ಬರುವ ಸೋಮವಾರ ಪೊಲೀಸರ ವಿಚಾರಣೆ. ಹಲಗೆ ನೆಟ್ಟಗಿತ್ತು, ನಾಗಯ್ಯನೇ ಕುಡಿದಿದ್ದ ಎಂದು ಹೇಳಲು ಕಂಟ್ರಾಕ್ಟರ್ ನನ್ನ ಮಗನಿಗೆ ಪಾಠ ಮಾಡಿದ್ದಾನೆ. ನಿಜ ಹೇಳೋ ಎಂದೆ. "ದೊಡ್ಡವರು ಹೇಳಿದಾರಲ್ಲಪ್ಪ" ಎಂದ. ಇಂಥ ಮಗನನ್ನು ನಾನು ತಮ್ಮ ಕೈಗೆ ಕೊಟ್ಟಿರಲಿಲ್ಲ.

ಆದ್ದರಿಂದ ಸೋಮವಾರ ತಾವು ಭದ್ರಾವತಿ ಠಾಣೆಗೆ ದಯಮಾಡಿಸಬೇಕು. ಅವನು ಒಳಗೆ ಹೋಗುವ ಮುಂಚೆ, ಅವತ್ತು ನೀನು ಹೇಳಿದ್ದೇ ಸರಿ, ತಪ್ಪು ನನ್ನದು ಎಂದು ಅವನಿಗೆ ತಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಿದರೆ ಅವನು ಕೇಳುವುದಿಲ್ಲ. ನಾನು ದೊಡ್ಡವನಲ್ಲ, ಬರೀ ಅಪ್ಪ.

ಇಂತಿ,
ಸನ್ನಡತೆಯ ಹುಡುಗನ ತಂದೆ,
ಹೊನ್ನಯ್ಯ, ಕಾರ್ಖಾನೆ ಕೂಲಿ,
ಲೋಯರ್ ಸೆಕೆಂಡರಿ ಫೇಲ್