ಗುಂಡಿ ಒತ್ತಿದರೆ ಮುಚ್ಚುವ ಬಾಗಿಲು

ಅಪ್ಪಾ,

ನೀವು ಹೋಗಿ ಎರಡು ವರ್ಷವಾಯಿತು. ಬರೆಯಬೇಕೆಂದರೂ ಕೈ ಏಳುತ್ತಿರಲಿಲ್ಲ. ಇವತ್ತು ಬರೆಯದೆ ಇರಲಾಗಲಿಲ್ಲ.

ನೆನಪಿದೆಯಾ, ರೈಲ್ವೆ ಶೆಡ್ಡಿನಲ್ಲಿ ಡಬ್ಬಿಗಳ ಬಾಗಿಲು ರಿಪೇರಿ ಮಾಡುತ್ತಿದ್ದ ನಿಮಗೆ ಅಲ್ಲಿನ ಇಂಜಿನಿಯರು ಜಪಾನಿನ ರೈಲುಗಳ ಚಿತ್ರ ತೋರಿಸಿದ್ದು? ಸಂಜೆ ಕೆಂಗೇರಿಗೆ ಬಂದವರೇ ಜಗಲಿಯ ಮೇಲೆ ಕೂತು ಅಮ್ಮನಿಗೂ ನನಗೂ ಪಾಠ ಶುರು ಮಾಡಿದಿರಿ. ಅಲ್ಲೂ ಮೊದಲು ನಮ್ಮ ಹಾಗೇ ಹೊಗೆ ಇಂಜಿನ್ನು, ಮರದ ಡಬ್ಬಿ. ಆಮೇಲೆ ತಂತಿ ಎಳೆದು ಕರೆಂಟಿನಲ್ಲಿ ಓಡಿಸಿದರು. ಮರ ಹೋಗಿ ಕಬ್ಬಿಣ ಬಂತು. ಬೆಳಿಗ್ಗೆ ಕೆಲಸಕ್ಕೆ ಹೋಗುವವರ ನೂಕುನುಗ್ಗಲು ಹೆಚ್ಚಿದಂತೆ ಬಾಗಿಲುಗಳನ್ನೂ ಹೆಚ್ಚಿಸಿದರು. ಗಾರ್ಡು ಗುಂಡಿ ಒತ್ತಿದರೆ ಸಾಕು, ಗಾಳಿಯ ಒತ್ತಡದಲ್ಲಿ ಎಲ್ಲ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಇಷ್ಟೆಲ್ಲ ಹೊಗಳಿ ಕೊನೆಗೆ ನೀವೇ ಮುಖ ಸಿಂಡರಿಸಿದಿರಿ.

"ಓಡ್ಬರೋನ ಮುಖಕ್ಕೇ ಬಾಗ್ಲು ಹಾಕೋದಾ? ಅದೂ ಒಂದು ಗಾಡಿನಾ?"

"ನಿಮ್ಮಗ ಅಲ್ಲಿ ಹುಟ್ಟಿದ್ರೆ ಒಂದಿನಾನೂ ಕೆಲ್ಸಕ್ಕೆ ಹೋಗ್ತಿರ್ಲಿಲ್ಲ ಬಿಡಿ," ಅಂದಳು ಅಮ್ಮ. ನೀವು ನಕ್ಕಿರಿ.

ಬೆಂಗಳೂರಿಗೆ ಕೆಲಸಕ್ಕೆ ಹೋಗಲು ನಿಮಗೂ ನನಗೂ ಒಂದೇ ಗಾಡಿ. ಆದರೂ ನಾನೇಕೆ ದಿನಾ ತಡ ಮಾಡುತ್ತಿದ್ದೆ, ಗೊತ್ತಾ? ನಿಮ್ಮೆದುರು ಬೀಡಿ ಹಚ್ಚುವುದುಂಟೇ? ಚಪ್ಪಲಿ ಹುಡುಕುವ ನೆಪದಲ್ಲಿ ನಿಮ್ಮನ್ನು ಮುಂದೆ ಕಳಿಸಿ, ಸ್ಟೇಷನ್ನಿನ ಹಿಂದಿನ ಹುಣಸೆಮರದ ಮರೆಯಲ್ಲಿ ಸೇದಿ ಮುಗಿಸಿ ಓಡಿ ಬರುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು ಕೈ ಚಾಚುತ್ತಿದ್ದಿರಿ.

ಅವತ್ತು ಗಾಡಿ ಆಗಲೇ ಹೊರಟಿತ್ತು. "ಬಾರೋ, ಬಾಗ್ಲು ಹಿಡ್ಕೊಂಡಿದೀನಿ," ಅಂದಿರಿ. ನಿಮ್ಮ ಬೆರಳು ಸಿಕ್ಕಿತು. ನಿಮ್ಮ ಇನ್ನೊಂದು ಕೈಯಲ್ಲಿದ್ದ ಬಾಗಿಲ ಕಂಬಿ ಜಾರಿತೋ, ನಾನೇ ನಿಮ್ಮನ್ನು ಎಳೆದೆನೋ... ನಾನು ಪ್ಲಾಟ್‌ಫಾರಮ್ಮಿನ ಮೇಲೆ ಬಿದ್ದೆ, ನೀವು ಗಾಡಿಯ ಕೆಳಗೆ. ಅಮ್ಮ ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೊನ್ನೆ ನಿಮ್ಮ ಇಂಜಿನಿಯರು ಸಿಕ್ಕಿದ್ದರು. ಜಪಾನಿನಲ್ಲಿ ಹೊಸ ಗಾಡಿ ಬಂದಿದೆಯಂತೆ. ಕಿತ್ತಳೆ ಬಣ್ಣ, ಡಬ್ಬಿಗಳ ಅಡಿಯಲ್ಲೇ ಮೋಟಾರು, ಒಂದೊಂದು ಪಕ್ಕಕ್ಕೂ ನಾಲ್ಕು ಅಗಲವಾದ ಬಾಗಿಲು. ತಡವಾದವನು ಸುಮ್ಮನೆ ನಿಂತರೆ ಹಿಂದೆಯೇ ಇನ್ನೊಂದು ಗಾಡಿ ಬರುತ್ತದಂತೆ. ಅಂಥದ್ದೊಂದು ಬಾಗಿಲು ಅವತ್ತು ನನ್ನ ಮುಖಕ್ಕೆ ಮುಚ್ಚಿದ್ದರೆ, ರೈಲಿನವರನ್ನು ಬೈದುಕೊಂಡು ಮನೆಗೆ ವಾಪಸ್ ಬರುತ್ತಿದ್ದೆ. ಸಂಜೆ ನೀವೂ ಬರುತ್ತಿದ್ದಿರಿ.

ನೀವು ಹೋದ ದಿನದಿಂದ ನಾನು ಬೀಡಿ ಮುಟ್ಟಿಲ್ಲ. ಬೇಗ ಹೋಗಿ ಬಾಗಿಲ ಬಳಿಯೇ ನಿಲ್ಲುತ್ತೇನೆ, ಸೀಟಿ ಊದಿದೊಡನೆ ಚಿಲಕ ಹಾಕಿಬಿಡುತ್ತೇನೆ. ಬೈಯುವವರು ಬೈದುಕೊಳ್ಳಲಿ. ಇವತ್ತು ಬೆಳಿಗ್ಗೆ ಒಬ್ಬ ಓಡಿ ಬಂದ. ಮುಚ್ಚಬೇಕೆಂದೇ ಬಾಗಿಲು ಹಿಡಿದಿದ್ದೆ ಅಪ್ಪಾ, ಆಗಲಿಲ್ಲ. ಕೈ ತಾನಾಗಿ ಹೊರಗೆ ಹೋಯಿತು. ಹತ್ತಿದವನು ನನ್ನ ತೋಳು ಹಿಡಿದು ಏದುಸಿರು ಬಿಡುತ್ತ ನಿಂತ. ಬೀಡಿ ವಾಸನೆ ಮುಖಕ್ಕೇ ಹೊಡೆಯಿತು.

ನಿಮಗೂ ದಿನಾ ಹೊಡೆಯುತ್ತಿತ್ತು, ಅಲ್ಲವೇ?